ಗಾಳಿ ಕುಡಿದ ಗಾಡಿ

ನಸುಕಿಗೆ ಮುನ್ನ ಕೀಲಿ ತಿರುವಿದರೆ
ಕೆಮ್ಮಿತು, ಕೆಮ್ಮಿತು, ಒಂದು ಗುಕ್ಕು ಬಿಳಿ ಹೊಗೆ ಉಗಿದು
ಸುಮ್ಮನಾಯಿತು ನಮ್ಮ ಹಳೆಯ ಪೆಜೋ ಪಿಕಪ್.
ಬೆನ್ನ ಮೇಲೆ ಹದಿನಾಲ್ಕು ಜನರ ಅಡುಗೆಮನೆ:
ಕಡಾಯಿ, ಹಿಟ್ಟಿನ ಮೂಟೆ, ಈರುಳ್ಳಿ, ಕಬ್ಬಿಣದ ಒಲೆ.
ಮುಂದಿನ ದೊಡ್ಡಿ ನೂರಿಪ್ಪತ್ತು ಕಿಲೋಮೀಟರು.
ಅಲ್ಲಿ ಮೂರು ಸಾವಿರ ಕುರಿ
ಉಣ್ಣೆ ಹೊತ್ತು ನಮ್ಮ ಕತ್ತರಿಗೆ ಕಾಯುತ್ತಿವೆ.

"ಪಂಪೇ ಹೋಗಿದೆ" ಎಂದ ಮೇಸ್ತ್ರಿ ಎಲೆಯುತೆರಿಯೊ.
ನಿನ್ನೆಯೂ ಅದನ್ನೇ ಅಂದಿದ್ದ, ಮೊನ್ನೆಯೂ.
ಹೊಸ ಪಂಪೆಂದರೆ ಇಡೀ ತಂಡದ
ಅರ್ಧ ಹಂಗಾಮಿನ ಕೂಲಿ.

ನೆಲಿದಾ ಅತ್ತೆ ಏನೂ ಅನ್ನಲಿಲ್ಲ.
ಹಿಟ್ಟು ಮೆತ್ತಿದ ಕೈ ಲಂಗಕ್ಕೆ ಒರೆಸಿ
ಬಾನೆಟ್ಟಿನೊಳಗೆ ಮೂಗು ತೂರಿಸಿದಳು,
ಸಾರು ತಳ ಹಿಡಿಯಿತೇ ಎಂದು ಮೂಸುವ ಹಾಗೆ.
"ಟಾರ್ಚ್ ಹಿಡಿ."
ಹಿಡಿದೆ.
"ನೀನು ನೋಡೋ ಕಡೆಗಲ್ಲವೋ,
ನಾನು ನೋಡೋ ಕಡೆಗೆ."
ಹದಿನೈದರ ನನಗೆ ಅಷ್ಟು ಕಷ್ಟದ ಕೆಲಸ
ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ಪತಗೋನಿಯಾದ ಗಾಳಿ ನಿಮಗೆ ಗೊತ್ತಿರಲಾರದು.
ಸಾಲ ಕೇಳಲು ಬಂದ ನೆಂಟನಂತೆ
ಮೈಮೇಲೆ ಒರಗಿಕೊಂಡೇ ನಿಲ್ಲುತ್ತದೆ.
ಎತ್ತಿದ ಬಾನೆಟ್ಟು ಹಿಡಿಯಲು ಇಬ್ಬರು ಬೇಕು,
ಬೈದ ಬೈಗುಳ ಯಾರ ಕಿವಿಗೂ ಬೀಳದೆ
ನೇರ ಸಮುದ್ರಕ್ಕೆ.

"ಟ್ಯಾಂಕು ಹಿಂದೆ, ಪಂಪು ಮುಂದೆ," ಅಂದಳು,
"ನಡುವಿನದು ಹೀರುವ ಪೈಪು.
ಹೀರುವ ಬಾಯಿ ಹರಿದರೆ
ಸುರಿಯೋದು ಕಮ್ಮಿ, ಕುಡಿಯೋದು ಜಾಸ್ತಿ.
ರಾತ್ರಿಯಿಡೀ ಗಾಳಿ ಕುಡಿದು ಮಲಗಿದೆ ಪಾಪ,
ಬೆಳಗಾದರೆ ಹೊಟ್ಟೆಯುಬ್ಬರ."

ತಾಯಿ ಸತ್ತ ಮರಿಗಳಿಗೆ ಹಾಲೂಡುವ
ಗಾಜಿನಂಥ ನಳಿಗೆಯ ತುಂಡು ತಂದು
ಫಿಲ್ಟರಿಗೂ ಪಂಪಿಗೂ ನಡುವೆ ಸಿಕ್ಕಿಸಿದಳು.
ಎಲೆಯುತೆರಿಯೊ ಗೊಣಗುತ್ತ ಕೀಲಿ ತಿರುವಿದ.
ಟಾರ್ಚಿನ ಬೆಳಕಲ್ಲಿ, ಜೇನಿನ ಬಣ್ಣದ ಡೀಸೆಲ್ಲಿನೊಳಗೆ
ಬಂದವು ಗುಳ್ಳೆಗಳು, ಒಂದರ ಬಾಲ ಒಂದು ಹಿಡಿದು:
ಸಾಸಿವೆ, ಸಾಸಿವೆ, ಕಡಲೆ,
ಮತ್ತೆ ಸಾಸಿವೆ.
ಪಂಪಿನ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಜಲ್ಲಿಯ ಮೇಲೆ ಅಂಗಾತ ಮಲಗಿ
ಪೈಪಿನ ಮೇಲೆ ಬೆರಳು ಓಡಿಸುತ್ತ ಹೋದಳು,
ಹಿಂದಿನ ಆಕ್ಸಲಿನ ಹತ್ತಿರ
ಕಬ್ಬಿಣ ಮುಗಿದು ರಬ್ಬರು ಶುರುವಾಗುವಲ್ಲಿ
ಬೆರಳು ನಿಂತಿತು.
ಎಣ್ಣೆ ಹೀರಿದ ಧೂಳು, ಹಿಟ್ಟು ಕಲೆಸಿಟ್ಟಂತೆ.
ಕ್ಲಿಪ್ಪು ಬಿಚ್ಚಿದರೆ ಕಂಡಿತು:
ಗಾಡಿ ಕೆಟ್ಟಾಗಲೆಲ್ಲ ಯಾರೋ
ಒಂದು ಸುತ್ತು ಬಿಗಿದಿದ್ದಾರೆ, ಇನ್ನೊಂದು ಸುತ್ತು, ಮತ್ತೊಂದು.
ತಗಡು ರಬ್ಬರಿನ ಕುತ್ತಿಗೆಯನ್ನು ಸುತ್ತಲೂ ಕೊಯ್ದಿದೆ.
ಸ್ಕ್ರೂಡ್ರೈವರ್ ಯಾರ ಬೆಲ್ಟಿನಲ್ಲಿ ನೇತಾಡುತ್ತದೆಂದು
ನನಗೂ ಗೊತ್ತು, ಅತ್ತೆಗೂ ಗೊತ್ತು.

ಶಾವಿಗೆ ಡಬ್ಬಿಯ ತಳದಲ್ಲಿ, ಪತ್ರಿಕೆ ಸುತ್ತಿ,
ಒಂದು ಮೀಟರು ಹೊಸ ಪೈಪು ಇಟ್ಟಿದ್ದಳು
ಯಾವ ಕಾಲದಿಂದಲೋ.
ಈರುಳ್ಳಿ ಹೆಚ್ಚುವ ಚಾಕುವಿನಿಂದ ನೇರ ಕೊಯ್ದು
ತುದಿಗೆ ಡೀಸೆಲ್ ಸವರಿ ಏರಿಸಿದಳು.
ಕ್ಲಿಪ್ಪಿಗೆ ಎರಡು ಸುತ್ತು. ಮತ್ತೆ ಅರ್ಧ.
"ಸಾಕು" ಎಂದಳು, ಸ್ವಲ್ಪ ಜೋರಾಗಿಯೇ.

ಫಿಲ್ಟರಿನ ನೆತ್ತಿಯ ಗುಂಡಿ ಒತ್ತುವ ಕೆಲಸ ನನ್ನದು.
ಮೊದಮೊದಲು ಬೂರಲ ಹತ್ತಿಯ ದಿಂಬಿನ ಹಾಗೆ ಮೆತ್ತಗೆ,
ಸಡಿಲಿಸಿದ ತಿರುಪಿನಲ್ಲಿ ಬರೀ ನೊರೆ, ಬುಸ್ ಬುಸ್,
ಐವತ್ತೋ ಅರವತ್ತೋ ಆದ ಮೇಲೆ
ಹೆಬ್ಬೆರಳಿಗೆ ಎದುರು ಒತ್ತಿತು ಏನೋ ಗಟ್ಟಿಯಾದದ್ದು.
ಅತ್ತೆ ತಿರುಪು ಮುಚ್ಚಿದಳು.
ಗಾಡಿ ಒಂದೇ ಮಾತಿಗೆ ಎದ್ದಿತು.

ಕೊಯ್ದ ರಬ್ಬರಿನ ತುಂಡನ್ನು
ಮೇಸ್ತ್ರಿಯ ಮಾತೆ ಬುರುಡೆಯ ಪಕ್ಕ ಇಟ್ಟು
ಹಿಟ್ಟು ನಾದಲು ಹೋದಳು.
ಅವನು ಅದನ್ನು ಎರಡು ಸಲ ತಿರುವಿ ನೋಡಿದ,
ಅಂಗಿಯ ಜೇಬಿಗೆ ಹಾಕಿಕೊಂಡ.

ಆ ದಿನದ ರೊಟ್ಟಿಗೆ ಡೀಸೆಲ್ ವಾಸನೆ.
ಹದಿನಾಲ್ಕು ಜನ ತಿಂದೆವು.
ಎಲೆಯುತೆರಿಯೊ ಮಾತ್ರ
ಇನ್ನೊಂದು ಕೇಳಿ ಹಾಕಿಸಿಕೊಂಡ.